ಮರದ ನೆಲಕ್ಕೆ ಯಾವ ವ್ಯಾಕ್ಯೂಮ್ ಕ್ಲೀನರ್ ತಗೊಳ್ಳೋದು?

"ಅಕ್ಕ, ನಿಮ್ಮದು ಮರದ ನೆಲ ಅಲ್ವಾ, ಯಾವ ವ್ಯಾಕ್ಯೂಮ್ ಕ್ಲೀನರ್ ಇಟ್ಟಿದ್ದೀರಿ?" ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲವರು ಸೋಮವಾರಪೇಟೆ ಕಡೆ ಹಳೆ ತೋಟದ ಬಂಗಲೆ ರಿಪೇರಿ ಮಾಡಿಸಿ ಹೋಂಸ್ಟೇ ಶುರು ಮಾಡಿದವರು. ಕೆಲವರು ಮಡಿಕೇರಿಯಲ್ಲಿ ಹೊಸ ಮನೆ ಕಟ್ಟಿ ಮಹಡಿಗೆ ಹಲಗೆ ಹಾಸಿಸಿದವರು. ಎಲ್ಲರಿಗೂ ಬೇಕಾದ್ದು ಒಂದು ಕಂಪನಿ ಹೆಸರು. ನಾನು ಹೆಸರು ಹೇಳುವುದಿಲ್ಲ. ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ. ಅಂಗಡಿಗೆ ಹೋದಾಗ ಮೊದಲು ಬ್ರಶ್ ತಿರುಗಿಸಿ ನೋಡಿ ಎನ್ನುತ್ತೇನೆ. ನಿಮ್ಮ ನೆಲಕ್ಕೆ ತಾಗುವುದು ಅದು ಮತ್ತು ಚಕ್ರ, ಅಷ್ಟೇ.

ಮರದ ನೆಲ ಕೆಡುವುದು ಮರಳಿನಿಂದ. ತೋಟದಿಂದ ಬೂಟಿನಡಿ ಅಂಟಿಕೊಂಡು ಬರುವ ಕೆಂಪು ಮಣ್ಣು ಒಣಗಿ ಪುಡಿಯಾದ ಮೇಲೆ ಅದರಲ್ಲಿ ಸಣ್ಣ ಹರಳುಗಳು ಉಳಿಯುತ್ತವೆ. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಸ್. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ ಹತ್ತರಲ್ಲಿ 7. ತೇಗವಾಗಲಿ ಬೀಟೆಯಾಗಲಿ, ಅದರ ಮೇಲಿನ ಪಾಲಿಶ್ ಇದಕ್ಕಿಂತ ಎಷ್ಟೋ ಮೆತ್ತಗೆ. ಹರಳಿನ ಮೇಲೆ ಓಡಾಡಿದರೆ ಸ್ಯಾಂಡ್‌ಪೇಪರ್ ಉಜ್ಜಿದ ಹಾಗೇ ಆಗುತ್ತದೆ. ಪೊರಕೆ ಅದನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ, ವ್ಯಾಕ್ಯೂಮ್ ಎತ್ತಿಕೊಳ್ಳುತ್ತದೆ. ಮರದ ನೆಲ ಇದ್ದವರಿಗೆ ಇದು ಬೇಕೇ ಬೇಕು ಎಂದು ನಾನು ಹೇಳುವುದು ಅದಕ್ಕೇ.

ಬ್ರಶ್ ಸರಿ ಇಲ್ಲದಿದ್ದರೆ ಮಾತ್ರ ಯಂತ್ರವೇ ಗೀರು ಹಾಕುತ್ತದೆ. ಕಾರ್ಪೆಟ್‌ಗೆಂದು ಮಾಡಿದವುಗಳಲ್ಲಿ ಗಟ್ಟಿ ನೈಲಾನ್ ಕೂದಲಿನ ಉರುಳೆ ಜೋರಾಗಿ ತಿರುಗುತ್ತದೆ. ಕಾರ್ಪೆಟ್ಟಿನ ಧೂಳೆಬ್ಬಿಸಲು ಅದು ಸರಿ. ಮರದ ಮೇಲೆ ಮರಳನ್ನು ಎರಚುತ್ತದೆ, ದಿನ ಕಳೆದಂತೆ ಪಾಲಿಶ್ ಮಂಕಾಗುತ್ತದೆ. ತಿರುಗದೆ ಇರುವ, ಸುತ್ತ ಮೆತ್ತನೆ ಕೂದಲಿನ ಅಗಲ ಬ್ರಶ್ ಒಳ್ಳೆಯದು. ಬಟ್ಟೆಯಂಥ ಮೆತ್ತನೆ ಉರುಳೆಯೂ ಆದೀತು. ಗಟ್ಟಿ ಉರುಳೆ ಇರುವುದೇ ಸಿಕ್ಕಿದರೆ ಅದನ್ನು ನಿಲ್ಲಿಸುವ ಸ್ವಿಚ್ ಇದೆಯೇ ಕೇಳಿ. ಚಕ್ರಕ್ಕೆ ರಬ್ಬರ್ ಇರಲಿ. ಗಟ್ಟಿ ಪ್ಲಾಸ್ಟಿಕ್ ಚಕ್ರಕ್ಕೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಹಜಾರದ ಉದ್ದಕ್ಕೂ ಗೆರೆ ಬೀಳುತ್ತದೆ.

ಅಂಗಡಿಯವರು ವ್ಯಾಟ್ ಲೆಕ್ಕ ಹೇಳುತ್ತಾರೆ. ವ್ಯಾಟ್ ಅಂದರೆ ಯಂತ್ರ ತಿನ್ನುವ ಕರೆಂಟು, ಹೀರುವ ಶಕ್ತಿ ಅಲ್ಲ. ಯುರೋಪಿನಲ್ಲಿ 2014ರಲ್ಲಿ 1600 ವ್ಯಾಟ್ ಮಿತಿ ಹಾಕಿ, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಅಲ್ಲಿನ ಮನೆಗಳೇನೂ ಕೊಳಕಾಗಲಿಲ್ಲ. ಮರದ ನೆಲದ ಮೇಲಿನ ಧೂಳು ಎತ್ತಲು ದೊಡ್ಡ ಶಕ್ತಿ ಬೇಕಾಗಿಯೂ ಇಲ್ಲ. ಅದಕ್ಕಿಂತ ಗಾಳಿ ಎಲ್ಲಿಂದ ಹೊರಬರುತ್ತದೆ ಎಂದು ಕೈಯಿಟ್ಟು ನೋಡಿ. ನೆಲದ ಕಡೆಗೆ ಊದುವ ಯಂತ್ರವಾದರೆ ನೀವು ಮುಟ್ಟುವ ಮೊದಲೇ ಧೂಳು ಮೂಲೆಗೆ ಹಾರುತ್ತದೆ.

ನಮ್ಮ ಕರೆಂಟಿನ ವಿಷಯವನ್ನೂ ಯೋಚಿಸಬೇಕು. 1600 ವ್ಯಾಟಿನದು 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಹಳೆ ಮನೆಯ 6 ಆಂಪಿಯರ್ ಪಾಯಿಂಟ್‌ಗೆ ಅದು ಹೆಚ್ಚೇ. ಮಳೆಗಾಲದಲ್ಲಿ ಲೈಟು, ಫ್ಯಾನಿಗೆಂದು ಇಟ್ಟ ಸಣ್ಣ ಇನ್ವರ್ಟರ್ ಇದನ್ನು ಓಡಿಸುವುದಿಲ್ಲ. ಮಹಡಿಯಲ್ಲಿ ಎರಡು ಮೂರು ಕೋಣೆ ಅಷ್ಟೇ ಎನ್ನುವವರಿಗೆ ಮೆತ್ತನೆ ಉರುಳೆಯ, ಬ್ಯಾಟರಿಯಲ್ಲಿ ಓಡುವ ಹಗುರದ್ದು ಸಾಕು. ಕಡಿದಾದ ಮರದ ಮೆಟ್ಟಿಲಲ್ಲೂ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ದೊಡ್ಡ ಬಂಗಲೆಯವರಿಗೆ ನನ್ನ ಆಯ್ಕೆ ಬ್ಯಾಗ್ ಇರುವ ಕ್ಯಾನಿಸ್ಟರ್, ಅಂದರೆ ಚಕ್ರದ ಡಬ್ಬಿಯನ್ನು ಪೈಪ್ ಹಿಡಿದು ಹಿಂದೆ ಎಳೆದುಕೊಂಡು ಹೋಗುವಂಥದ್ದು. ಬ್ಯಾಗ್ ಇಲ್ಲದವುಗಳ ಡಬ್ಬಿ ಖಾಲಿ ಮಾಡುವಾಗ ಧೂಳು ಮತ್ತೆ ಮುಖಕ್ಕೇ ಬರುತ್ತದೆ. ರೋಬೋಟ್ ಬಗ್ಗೆಯೂ ಕೇಳುತ್ತಾರೆ. ಹಳೆ ಮನೆಗಳ ಎತ್ತರದ ಹೊಸ್ತಿಲನ್ನು ಅದು ದಾಟುವುದಿಲ್ಲ. ಹೊಸ ಮನೆಯ ಸಪಾಟು ನೆಲಕ್ಕಾದರೆ ತಗೊಳ್ಳಿ, ಒರೆಸುವ ನೀರಿನ ತೊಟ್ಟಿ ಮಾತ್ರ ಖಾಲಿ ಇಡಿ.

ಈಗ ಸಂದುಗಳ ವಿಷಯ. ಇದನ್ನು ಯಾರೂ ಕೇಳುವುದಿಲ್ಲ. ಆದರೆ ನನಗೆ ಇದೇ ಮುಖ್ಯ. ಮರ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಲಗೆಗಳ ನಡುವೆ ಸಂದು ಬಿಡುತ್ತದೆ. ಕಾಫಿ ಒಣಗಿಸುವ ಕಣದ ಧೂಳು, ಸಿಪ್ಪೆಯ ಚೂರು, ನಾಯಿ ಕೂದಲು ಎಲ್ಲ ಅಲ್ಲಿ ಇಳಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಹಲಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಒಳಗಿನ ಕಸ ಅಲ್ಲೇ ಉಳಿದು ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಹಾಗಾಗಿ ಮಳೆಗೆ ಮೊದಲೇ, ಏಪ್ರಿಲ್ ಹೊತ್ತಿಗೆ, ಚಪ್ಪಟೆ ಮೂತಿಯ ನಳಿಕೆ ಹಾಕಿ ಒಂದೊಂದೇ ಸಂದು ಹೀರಿಸಿ. ಕೂತು ಮಾಡುವ ಕೆಲಸ, ಬೆನ್ನು ನೋಯುತ್ತದೆ, ಆದರೂ ಬಿಡಬೇಡಿ. ಆ ನಳಿಕೆ ಪೆಟ್ಟಿಗೆಯಲ್ಲೇ ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ಹಾಗೆ ಹೀರಿಸುವಾಗ ಒಂದೇ ಜಾಗದಲ್ಲಿ ಹಿಟ್ಟಿನಂಥ ಪುಡಿ ಮತ್ತೆ ಮತ್ತೆ ಬಿದ್ದಿದ್ದರೆ ಅದು ಕುಟ್ಟೆ ಹುಳದ ಕೆಲಸ. ಸುಮ್ನೆ ಹೀರಿಸುತ್ತಾ ಹೋಗಬೇಡಿ, ಬಡಗಿಯನ್ನು ಕರೆಸಿ ತೋರಿಸಿ.

ಬೂಷ್ಟು ಬಂದ ಮೇಲೆ ಮಾಮೂಲಿ ವ್ಯಾಕ್ಯೂಮ್ ಹಚ್ಚಬೇಡಿ. ಅದರ ಬೀಜದ ಪುಡಿ ಫಿಲ್ಟರ್ ದಾಟಿ ಕೋಣೆಯೆಲ್ಲ ಹರಡುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆ ಹಾಕಿ. ಮನೆಯಲ್ಲಿ ಉಬ್ಬಸದವರಿದ್ದರೆ ಹೆಪಾ ಫಿಲ್ಟರ್ ಇರುವುದನ್ನೇ ತಗೊಳ್ಳಿ. ಅದರಲ್ಲಿ ಎಚ್13 ದರ್ಜೆಯದು ಅತಿ ಸಣ್ಣ ಕಣಗಳನ್ನೂ 99.95 ಶೇಕಡಾ ತಡೆಯುತ್ತದೆ. ಮಳೆಗಾಲದಲ್ಲಿ ಬ್ಯಾಗನ್ನು ತುಂಬುವ ತನಕ ಕಾಯದೆ ಬದಲಿಸಿ. ಒಳಗಿನ ಕಸ ಮುಗ್ಗಲು ವಾಸನೆ ಹಿಡಿದರೆ ಯಂತ್ರ ಹಾಕಿದಾಗೆಲ್ಲ ಮನೆ ನಾರುತ್ತದೆ.

ಬಿಸಿ ಹಬೆಯಿಂದ ಒರೆಸುವ ಯಂತ್ರ ಮರದ ನೆಲಕ್ಕೆ ಬೇಡವೇ ಬೇಡ. ಹಬೆ ಸಂದಿಗೆ ಇಳಿದು ಹಲಗೆ ಏಳುತ್ತದೆ. ಬಂಗಲೆಯ ಅಗ್ಗಿಷ್ಟಿಕೆಯ ಬೂದಿಯನ್ನೂ ವ್ಯಾಕ್ಯೂಮ್‌ನಲ್ಲಿ ಎಳೆಯಬೇಡಿ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಮರುದಿನದ ತನಕ ಇರುತ್ತದೆ. ಬ್ಯಾಗಿಗೆ ಬೆಂಕಿ ಹಿಡಿದರೆ ಮರದ ಮನೆಯಲ್ಲಿ ಏನಾದೀತು ಯೋಚಿಸಿ.

ಅಂಗಡಿಗೆ ಹೋಗುವಾಗ ಒಂದು ಹಿಡಿ ಕಾಫಿ ಸಿಪ್ಪೆ, ಸ್ವಲ್ಪ ರವೆ ಕಟ್ಟಿಕೊಂಡು ಹೋಗಿ. ನೆಲಕ್ಕೆ ಚೆಲ್ಲಿ ಓಡಿಸಿ ತೋರಿಸಿ ಎನ್ನಿ. ರವೆ ಎತ್ತಿಕೊಂಡು ಸಿಪ್ಪೆಯನ್ನು ಮುಂದಕ್ಕೆ ತಳ್ಳುತ್ತಾ ಹೋದರೆ ಬ್ರಶ್ಶಿನ ಮುಂಭಾಗ ತೀರಾ ತಗ್ಗಾಗಿದೆ ಎಂದರ್ಥ, ಬೇರೆ ನೋಡಿ. ಬ್ಯಾಗು, ಫಿಲ್ಟರ್ ಬಿಡಿಯಾಗಿ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಗುತ್ತದೆಯೇ, ಕೆಟ್ಟರೆ ಮೈಸೂರಿಗೆ ಕಳಿಸಬೇಕೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.