ಅಳೆದದ್ದು 8,850, ಬರೆದದ್ದು 2 ಲಕ್ಷ

ರಾಡನ್ನು ಎಳೆದು ನೋಡುವ ಟೆನ್ಶನ್ ಟೆಸ್ಟಿನ ರೆಕಾರ್ಡ್ ತಿದ್ದಲು ಕೂತರೆ ಇಡೀ ಬ್ಯಾಚಿನದು ಒಂದೇ ಉತ್ತರ. ಮೈಲ್ಡ್ ಸ್ಟೀಲಿನ ಯಂಗ್ಸ್ ಮಾಡ್ಯುಲಸ್ (ಹಿಗ್ಗದೆ ತಡೆಯುವ ಬಿಗಿತದ ಅಳತೆ) 2 ಲಕ್ಷ ನ್ಯೂಟನ್/ಚ.ಮಿ.ಮೀ. ಒಬ್ಬನದೂ ಆಚೀಚೆ ಇಲ್ಲ. ಅದೇ ಪುಟದ ಮೇಲ್ಭಾಗದ ಟೇಬಲ್ಲಿನಲ್ಲಿ ಇರುವುದೇ ಬೇರೆ: 12 ಮಿ.ಮೀ. ರಾಡು, ರಾಡನ್ನು ಕಚ್ಚಿಹಿಡಿಯುವ ಎರಡು 'ಜಾ' (ದವಡೆ)ಗಳ ನಡುವೆ 200 ಮಿ.ಮೀ., 20 ಕಿಲೋನ್ಯೂಟನ್ ಲೋಡಿಗೆ ಯುಟಿಎಂ (ರಾಡು ಎಳೆಯುವ ಮೆಷೀನ್) ಸ್ಕೇಲಿನಲ್ಲಿ 4 ಮಿ.ಮೀ. ಹಿಗ್ಗು. ಸ್ಟ್ರೆಸ್ (ಒಂದು ಚ.ಮಿ.ಮೀ.ಗೆ ಬೀಳುವ ಲೋಡು) 177, ಸ್ಟ್ರೇನ್ (ಹಿಗ್ಗನ್ನು ಮೂಲ ಉದ್ದದಿಂದ ಭಾಗಿಸಿದ್ದು) 0.02, ಭಾಗಿಸಿದರೆ 8,850. ಸಾಗುವಾನಿ ಮರದ್ದೇ ಸುಮಾರು 10,000 ಇರುತ್ತದೆ. ಅಂದರೆ ಈ ಲೆಕ್ಕದಲ್ಲಿ ಕಬ್ಬಿಣದ ರಾಡು ಸಾಗುವಾನಿ ರೀಪಿಗಿಂತ ಮೆತ್ತಗೆ. ಆ ಭಾಗಾಕಾರವನ್ನು ಯಾರೂ ಮಾಡಿಯೇ ಇಲ್ಲ, ಅಥವಾ ಮಾಡಿ, ಹೆದರಿ, ಅಳಿಸಿದ್ದಾರೆ.

ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಶಿವಮೊಗ್ಗಕ್ಕೆ ಡಿಪ್ಲೊಮಾಗೆ ಬಂದ ಹುಡುಗರು. ಕೇಳಿದರೆ ಒಬ್ಬ ಹೇಳಿದ್ದು: "ಸಾರ್, ಎಕ್ಸ್‌ಟರ್ನಲ್ ಬಂದಾಗ ಕೊನೇ ಸಾಲು ಮಾತ್ರ ತಾನೆ ನೋಡೋದು?" ಅದೂ ಸುಳ್ಳಲ್ಲ. ಅಳೆದದ್ದನ್ನು ಹಾಗೇ ಬರೆದವನಿಗೆ ಅಂಕ ಕಟ್, ಪುಸ್ತಕ ನೋಡಿ ಇಳಿಸಿದವನಿಗೆ ಪೂರ್ತಿ. ಪರೀಕ್ಷೆಯೇ ಹೀಗಿರುವಾಗ ಹುಡುಗರನ್ನು ಬೈದು ಏನು ಬಂತು.

ಆ 4 ಮಿ.ಮೀ. ಎಲ್ಲಿಂದ ಬಂತು ಎನ್ನುವುದೇ ಪಾಠವಾಗಬೇಕಿತ್ತು. ರಾಡು ನಿಜವಾಗಿ ಹಿಗ್ಗಿದ್ದು 0.18 ಮಿ.ಮೀ. ಅಷ್ಟೆ. ಮಿಕ್ಕದ್ದೆಲ್ಲ ಮೆಷೀನಿನದು: ಜಾ ಹಲ್ಲುಗಳು ರಾಡಿನೊಳಗೆ ಕಚ್ಚಿಕೊಳ್ಳುವುದು, ಲೋಡು ಏರಿದಂತೆ ಜಾಗಳೇ ಬೆಣೆಯಂತೆ ಒಳಗೆ ಜಾರುವುದು, ಸ್ಕ್ರೂ ನಟ್ಟುಗಳ ಆಟ, ಕಂಬಗಳ ಹಿಗ್ಗು. ಜಾ ಹಲ್ಲಿನಲ್ಲಿ ಹಳೆಯ ರಾಡುಗಳ ಪುಡಿ ತುಂಬಿದ್ದರೆ ಇನ್ನೂ ಜಾಸ್ತಿ. ನಮ್ಮ ಮಳೆಗಾಲದಲ್ಲಿ ಆ ಪುಡಿ ತುಕ್ಕು ಹಿಡಿದು ಗಟ್ಟಿಯಾಗುತ್ತದೆ. ಟೆಸ್ಟಿಗೆ ಮುಂಚೆ ವೈರ್ ಬ್ರಷ್ ಹಾಕಿ ಉಜ್ಜಬೇಕು. ಎಣ್ಣೆ ಹಚ್ಚುವುದಾದರೆ ಜಾ ಬೆನ್ನಿಗೆ, ಹಲ್ಲಿಗಲ್ಲ. ಹಲ್ಲಿಗೆ ಎಣ್ಣೆ ಬಿದ್ದರೆ ರಾಡು ಜಾರಿ ಮುಳ್ಳು ತಟಕ್ಕನೆ ಹಿಂದೆ ಬೀಳುತ್ತದೆ, ಹುಡುಗರು ಅದನ್ನೇ "ಯೀಲ್ಡ್ ಬಂತು ಸಾರ್" (ರಾಡು ಮರಳಿ ಮೊದಲಿನಂತಾಗದೆ ಹಿಗ್ಗತೊಡಗುವ ಹಂತ) ಎಂದು ಬರೆದುಕೊಳ್ಳುತ್ತಾರೆ.

ಮಾಡ್ಯುಲಸ್ ಬೇಕಿದ್ದರೆ ಎಕ್ಸ್‌ಟೆನ್ಸೋಮೀಟರ್ ಕಟ್ಟಲೇಬೇಕು, ಅದು ರಾಡಿನ ಮೇಲೇ ಕೂತು ರಾಡಿನ ಹಿಗ್ಗನ್ನಷ್ಟೇ ಅಳೆಯುತ್ತದೆ. ಗೇಜ್ ಲೆಂಗ್ತ್ (ಹಿಗ್ಗು ಅಳೆಯುವ ಉದ್ದ) 100 ಮಿ.ಮೀ., ಎರಡು ಬದಿಗೂ ಡಯಲ್. ರಾಡು ಸ್ವಲ್ಪ ಸೊಟ್ಟಗಿದ್ದರೂ ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ತೋರಿಸುತ್ತದೆ. ಅದಕ್ಕೇ ಸರಾಸರಿ. ಸೊನ್ನೆ ಲೋಡಿನಿಂದ ಲೆಕ್ಕ ಹಿಡಿಯುವುದು ಬೇಡ, 5 ಕಿಲೋನ್ಯೂಟನ್ ಹಾಕಿ ಎಲ್ಲ ಕಚ್ಚಿಕೊಂಡ ಮೇಲೆ ಡಯಲ್ ಸೊನ್ನೆ ಮಾಡಿ, 20ರವರೆಗೆ ಓದಬೇಕು. ಈ 15 ಕಿಲೋನ್ಯೂಟನ್ನಿಗೆ ಸ್ಟ್ರೆಸ್ ಏರುವುದು 132.6. ಸ್ಟೀಲಾದರೆ ಹಿಗ್ಗು 0.066 ಮಿ.ಮೀ. ಬರಬೇಕು. ನಮ್ಮ ಹತ್ತಿರ ಇರುವ ಡಯಲಿನ ಒಂದು ಗೀಟು 0.01 ಮಿ.ಮೀ. ಮುಳ್ಳು ನಿಲ್ಲುವುದು ಆರು-ಏಳರ ನಡುವೆ. ಆರು ಎಂದು ಓದಿದವನಿಗೆ 2.21 ಲಕ್ಷ, ಏಳು ಎಂದವನಿಗೆ 1.89 ಲಕ್ಷ. ಎರಡೂ ಪ್ರಾಮಾಣಿಕ ಉತ್ತರವೇ. ಈ ಸಲಕರಣೆಯಲ್ಲಿ ಕರಾರುವಾಕ್ಕಾಗಿ 2 ಲಕ್ಷ ಬರೆದ ರೆಕಾರ್ಡನ್ನೇ ಅನುಮಾನದಿಂದ ನೋಡಬೇಕು. 0.001ರ ಡಯಲಿಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದರೆ "ಇರೋದು ಕೆಲಸ ಮಾಡ್ತಿದೆಯಲ್ಲ" ಎಂಬ ಷರಾ ಬರೆದು ಫೈಲ್ ವಾಪಸ್. ಕೆಲಸವೇನೋ ಮಾಡುತ್ತಿದೆ.

ಇನ್ನೊಂದು, ಯೀಲ್ಡ್ ಹತ್ತಿರ ಬರುವ ಮುಂಚೆಯೇ ಎಕ್ಸ್‌ಟೆನ್ಸೋಮೀಟರ್ ಬಿಚ್ಚಿ. 12 ಮಿ.ಮೀ. ಮೈಲ್ಡ್ ಸ್ಟೀಲಿಗೆ ಚ.ಮಿ.ಮೀ.ಗೆ 250 ನ್ಯೂಟನ್ನಿನ ಲೆಕ್ಕದಲ್ಲಿ ಯೀಲ್ಡ್ 28 ಕಿಲೋನ್ಯೂಟನ್ ಸುಮಾರಿಗೆ. 20 ಆದ ಕೂಡಲೇ ನಿಲ್ಲಿಸಿ ಬಿಚ್ಚುವುದೇ ಕ್ಷೇಮ. "ಮುರಿಯೋದನ್ನ ನೋಡಿ ಆಮೇಲೆ ಬಿಚ್ಚೋಣ" ಎಂದರೆ ಡಯಲೂ ಹೋಗುತ್ತದೆ, ಮುಂದಿನ ಇಂಡೆಂಟೂ ಹೋಗುತ್ತದೆ.

ಕಾಂಕ್ರೀಟಿಗೆ ಹಾಕುವ ಏಣಿನ ಟಿಎಂಟಿ ರಾಡಿನ ವಿಷಯ ಇನ್ನೂ ಸೂಕ್ಷ್ಮ, ಇದು ಲ್ಯಾಬಿನಿಂದ ಊರಿಗೆ ಹೋಗುತ್ತದೆ. ಮನೆ ಕಟ್ಟಿಸುತ್ತಿರುವವರ ಮಗನೊಬ್ಬ ಸೈಟಿನಿಂದ 12 ಮಿ.ಮೀ. ತುಂಡು ತಂದ. ಮ್ಯಾನ್ಯುಯಲ್ಲಿನ ಚಿತ್ರದಲ್ಲಿ ನಡುವೆ ಸಣ್ಣಗಾದ ನುಣುಪು ಸ್ಪೆಸಿಮನ್ ಇದೆಯಲ್ಲ, ಅದನ್ನು ನೋಡಿ ಬ್ಯಾಚಿನವರು ವರ್ಕ್‌ಶಾಪಿನ ಲೇತಿನಲ್ಲಿ 10 ಮಿ.ಮೀ.ಗೆ ತಿರುಗಿಸಿಕೊಂಡು ಬಂದರು. 33 ಕಿಲೋನ್ಯೂಟನ್ನಿಗೇ ಯೀಲ್ಡ್. 10 ಮಿ.ಮೀ.ನ ಕ್ಷೇತ್ರಫಲ 78.5ರಿಂದ ಭಾಗಿಸಿದರೆ 420. ಗ್ರೇಡು ಎಫ್‌ಇ 500, ಅಂದರೆ ಯೀಲ್ಡ್ ಕನಿಷ್ಠ 500 ಬರಬೇಕು. ಸಂಜೆಯೊಳಗೆ "ರಾಡು ಡೂಪ್ಲಿಕೇಟ್" ಎಂಬ ಸುದ್ದಿ ಅಂಗಡಿ ತಲುಪಿ, ಅಂಗಡಿಯವರ ಫೋನು ಪ್ರಿನ್ಸಿಪಾಲರನ್ನು ತಲುಪಿತು.

ರಾಡು ಡೂಪ್ಲಿಕೇಟ್ ಆಗಿರಲಿಲ್ಲ. ಟಿಎಂಟಿಯನ್ನು ರೋಲಿಂಗ್ ಆದ ತಕ್ಷಣ ನೀರಿನಲ್ಲಿ ತಣಿಸಿರುತ್ತಾರೆ, ಹೊರಗಿನ ಸುತ್ತು ಗಟ್ಟಿಯಾಗುತ್ತದೆ, ಒಳತಿರುಳು ಮೆತ್ತಗೆ ಉಳಿಯುತ್ತದೆ. ಥೇಟ್ ನಮ್ಮ ಅಡಿಕೆ ಮರ. ಲೇತಿನಲ್ಲಿ ಸುತ್ತಲೂ 1 ಮಿ.ಮೀ. ತೆಗೆದರೆ ಹೋಗುವುದು ಆ ಗಟ್ಟಿ ಸುತ್ತೇ. ಈ ರಾಡುಗಳ ಭಾರತೀಯ ಮಾನದಂಡ ಐಎಸ್ 1786 ಹೇಳುವುದೂ ಅದನ್ನೇ, ಮೆಷಿನಿಂಗ್ ಮಾಡದೆ ಇಡೀ ರಾಡನ್ನೇ ಎಳೆಯಬೇಕು. ಏಣುಗಳಿರುವುದರಿಂದ ವರ್ನಿಯರ್ ಹಿಡಿದು ವ್ಯಾಸ ಅಳೆಯುವಂತಿಲ್ಲ, ತೂಕದಿಂದ ಕ್ಷೇತ್ರಫಲ ತೆಗೆಯಬೇಕು: ಕೆಜಿ ತೂಕವನ್ನು ಮೀಟರ್ ಉದ್ದ ಮತ್ತು 0.00785ರ ಗುಣಲಬ್ಧದಿಂದ ಭಾಗಿಸುವುದು. ಅದೇ ರಾಡಿನ 600 ಮಿ.ಮೀ. ತುಂಡು 520 ಗ್ರಾಂ ತೂಗಿತು, ಕ್ಷೇತ್ರಫಲ 110.4 ಚ.ಮಿ.ಮೀ. ಎಳೆದಾಗ ಯೀಲ್ಡ್ 59 ಕಿಲೋನ್ಯೂಟನ್, ಅಂದರೆ 534. ಪಾಸು. ಆದರೆ ಪಾಸಾದ ಸುದ್ದಿಗೆ ಕಾಲಿಲ್ಲ. ಫೇಲ್ ಸುದ್ದಿ ಮಾತ್ರ ಬೈಕಿನಲ್ಲಿ ಹೋಗಿತ್ತು.

ಎಲಾಂಗೇಶನ್ನಿಗೆ (ಮುರಿಯುವಷ್ಟರಲ್ಲಿ ಶೇಕಡಾ ಎಷ್ಟು ಹಿಗ್ಗಿತು ಎಂಬುದಕ್ಕೆ) ಗೇಜ್ ಲೆಂಗ್ತ್ ವ್ಯಾಸದ ಐದು ಪಟ್ಟು, 12ಕ್ಕೆ 60 ಮಿ.ಮೀ. ಕುತ್ತಿಗೆ (ಮುರಿಯುವ ಮುಂಚೆ ರಾಡು ಸಣ್ಣಗಾಗುವ ಜಾಗ) ಎಲ್ಲಿ ಬೀಳುತ್ತದೋ ಗೊತ್ತಿರುವುದಿಲ್ಲ, ಆದ್ದರಿಂದ ಎರಡೇ ಗುರುತು ಸಾಲದು. ಪೂರ್ತಿ ಉದ್ದಕ್ಕೆ 10 ಮಿ.ಮೀ.ಗೊಂದು ಪಂಚ್ ಗುರುತು ಹಾಕಿ, ಮುರಿದ ಮೇಲೆ ತುಂಡು ಜೋಡಿಸಿ, ಮುರಿದ ಜಾಗ ನಡುವೆ ಬರುವಂತೆ ಆರು ಮನೆ ಎಣಿಸಿಕೊಂಡು ಅಳೆಯಬೇಕು. ಎರಕದ ಕಬ್ಬಿಣಕ್ಕೆ ಮಾತ್ರ ಪಂಚ್ ಬೇಡ, ಆ ಗುಳಿಯಿಂದಲೇ ಒಡೆಯಬಹುದು. ಮಾರ್ಕರ್ ಸಾಕು.

ಕರೆಂಟು. ಜುಲೈನಲ್ಲಿ ಟೆಸ್ಟ್ ಅರ್ಧವಾದಾಗ ಹೋಗದಿದ್ದರೆ ಅದು ಮಲೆನಾಡೇ ಅಲ್ಲ. ಪಂಪ್ ನಿಂತು ಲೋಡು ಇಳಿಯುತ್ತದೆ. ಯೀಲ್ಡ್ ಆಗುವ ಮುಂಚೆ ಹೋಗಿದ್ದರೆ ರಿಲೀಸ್ ಮಾಡಿ ಮತ್ತೆ ಮೊದಲಿಂದ ಶುರುಮಾಡಬಹುದು. ಯೀಲ್ಡ್ ದಾಟಿ ರಾಡು ಹಿಗ್ಗಿದ ಮೇಲೆ ಹೋದರೆ ಆ ತುಂಡು ಸ್ಕ್ರಾಪಿಗೆ. ಮತ್ತೆ ಎಳೆದರೆ ಯೀಲ್ಡ್ ಮೊದಲಿಗಿಂತ ಮೇಲೆ ಬರುತ್ತದೆ, ಹುಡುಗರು ಅದನ್ನು ಒಳ್ಳೆಯ ರಾಡೆಂದು ಬರೆಯುತ್ತಾರೆ. ಕರೆಂಟು ಹೋಗುವ ಹೆದರಿಕೆಗೆ ವಾಲ್ವ್ ಜಾಸ್ತಿ ತಿರುಗಿಸಿ ಬೇಗ ಮುಗಿಸುವ ಚಾಳಿಯೂ ಇದೆ. ಹಾಗೆ ಮಾಡಿದರೂ ಯೀಲ್ಡ್ ಹೆಚ್ಚೇ ತೋರಿಸುತ್ತದೆ, ಮುಳ್ಳು ನಿಂತದ್ದೂ ಕಣ್ಣಿಗೆ ಸಿಗುವುದಿಲ್ಲ.

ಇದೆಲ್ಲದಕ್ಕೂ ಮುಂಚೆ, ಕರೆಂಟೇ ಬೇಡದ ಎರಡು ಪ್ರಯೋಗ ಈಗ ನಮ್ಮಲ್ಲಿ ಮೊದಲ ವಾರವೇ ಆಗುತ್ತವೆ. ಸೀಮೆಸುಣ್ಣವನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸದೆ ತಿರುಚುವುದು. 45 ಡಿಗ್ರಿಯಲ್ಲಿ ಸುರುಳಿಯಾಗಿ ಒಡೆಯುತ್ತದೆ. ಮೈಲ್ಡ್ ಸ್ಟೀಲ್ ತಿರುಚಿದರೆ ಅಡ್ಡಕ್ಕೆ ನೇರ ಕತ್ತರಿಸಿದಂತೆ ಮುರಿಯುತ್ತದೆ. ಎರಡನ್ನೂ ಮೇಜಿನ ಮೇಲಿಟ್ಟು ಏಕೆ ಎಂದು ಕೇಳಬೇಕು. ಎರಡನೆಯದು ಅಡಿಕೆ ದಬ್ಬೆ, ಅಡಿಕೆ ಮರ ಸೀಳಿದ ಪಟ್ಟಿ. 600 ಮಿ.ಮೀ. ಅಂತರದಲ್ಲಿ ಎರಡು ಕಲ್ಲು, ಮೇಲೆ ದಬ್ಬೆ, ನಡುವೆ ಬಕೆಟ್. ಒಂದೊಂದೇ ಲೀಟರ್ ನೀರು, ಪ್ರತಿ ಲೀಟರಿಗೂ 9.81 ನ್ಯೂಟನ್, ಬಾಗಿದ್ದನ್ನು ಸ್ಕೇಲಿನಲ್ಲಿ ಓದುವುದು. ಸಿಪ್ಪೆ ಬದಿ ಮೇಲಿಟ್ಟು ಒಮ್ಮೆ, ಕೆಳಗಿಟ್ಟು ಒಮ್ಮೆ. ನೀರು ಹಾಕುವ ಮುಂಚೆ ಯಾವುದು ಹೆಚ್ಚು ಬಾಗುತ್ತದೆಂದು ಪ್ರತಿಯೊಬ್ಬರೂ ಬರೆದು ಸಹಿ ಹಾಕಬೇಕು. ಮೊದಮೊದಲ ಲೀಟರುಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಾಗುತ್ತವೆ, ವ್ಯತ್ಯಾಸ ಕಾಣುವುದು ಮುರಿಯುವ ಹೊತ್ತಿಗೆ. ದಬ್ಬೆ ಬಿಸಿಲಲ್ಲಿ ಒಣಗಿದ್ದಿರಲಿ, ಎರಡೂ ತುಂಡು ಒಂದೇ ಮರದ ಒಂದೇ ಎತ್ತರದಿಂದ ಬಂದಿರಲಿ. ಹಸಿ ದಬ್ಬೆ ಬಕೆಟ್ ತೆಗೆದ ಮೇಲೂ ಬಾಗಿಯೇ ಉಳಿಯುತ್ತದೆ, ಓದಿದ ಅಂಕಿ ಐದು ನಿಮಿಷದಲ್ಲಿ ಬದಲಾಗಿರುತ್ತದೆ.