ಡೆರ್ವೋ ಕೆರೆ: ಆರನೇ ಪದರ ಕೊನೆಗೂ ತಿಳಿಯಾಯಿತು

ನನ್ನ ಡಯೊರಾಮಾದ (ಪುಟ್ಟ ಮಾದರಿ ದೃಶ್ಯದ) ಕೆರೆಗೆ ನೀರಾಗಿ ಸುರಿಯುವುದು ರೆಸಿನ್, ಗಟ್ಟಿಯಾದರೆ ಗಾಜಿನಂತೆ ಕಾಣುವ ದ್ರವ. ಮೂರು ಸಲ ಕೆಟ್ಟ ಅದರ ಆರನೇ ಪದರ ನಾಲ್ಕನೇ ಸಲಕ್ಕೆ ತಿಳಿಯಾಗಿ ಕೂತಿದೆ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ತಳದ ಕಡಾಯಿಯವರೆಗೂ ಕಣ್ಣು ಇಳಿಯಿತು. ಖುಷಿಗೆ ನಿದ್ದೆಯೇ ಹತ್ತಲಿಲ್ಲ.

ಬಂಡೆ, ದಡ, ತಾಮ್ರದ ತಂತಿ ಹೊಸೆದು ಮಾಡಿದ ಓಕ್ ಮರಗಳು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ, ಅದನ್ನು ಬಿಡುತ್ತೇನೆ. ಈ ಡಯೊರಾಮಾದ ಜೀವ ಇರುವುದು ಕೆರೆಯಲ್ಲಿ. ಡ್ರೂಯಿಡರು ಎಂದರೆ ಹಳೆಯ ಕೆಲ್ಟ್ ಜನರ ಪುರೋಹಿತ ಗುರುಗಳು. ನಾನು ಕಲ್ಪಿಸಿಕೊಂಡ ಡ್ರೂಯಿಡ್ ಪಂಥಕ್ಕೆ ಡೆರ್ವೋ ಎಂದು ಹೆಸರಿಟ್ಟಿದ್ದೇನೆ. ಇಂದಿನ ಫ್ರಾನ್ಸಿನ ಕಡೆ ಇದ್ದ ಹಳೆಯ ಗಾಲ್ ಜನರ ಮಾತಿನಲ್ಲಿ ಅದು ಓಕ್ ಮರ. ಪಂಥ ಕಲ್ಪನೆಯದಾದರೂ ಕೆರೆಗೆ ಮಾದರಿ ಇದೆ. ವೇಲ್ಸ್‌ನ ಆಂಗಲ್ಸಿ ದ್ವೀಪದ ಲಿನ್ ಕೆರಿಗ್ ಬಾಖ್ ಅದು. 1942ರಲ್ಲಿ ವಾಯುನೆಲೆ ಕಟ್ಟಲು ಅಲ್ಲಿಂದ ಪೀಟ್ ಮಣ್ಣು (ಜೌಗಿನಲ್ಲಿ ಗಿಡ ಕೊಳೆತು ಆದ ಮಣ್ಣು) ತೆಗೆಯುವಾಗ ಕತ್ತಿ, ಭರ್ಜಿ, ರಥಚಕ್ರದ ಪಟ್ಟಿ ಎಲ್ಲ ಮೇಲೆ ಬಂದವು. ಐದು ಕೊರಳಿಗೆ ತೊಡಿಸುವ ಕಬ್ಬಿಣದ ಸರಪಳಿಯೂ ಸಿಕ್ಕಿತು. ಅದೇನೆಂದು ತಿಳಿಯದ ಕೆಲಸಗಾರರು ಕೆಸರಲ್ಲಿ ಹೂತ ಲಾರಿ ಎಳೆಯಲು ಅದನ್ನೇ ಕಟ್ಟಿದರು. ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಸರಪಳಿ, ಆದರೂ ಕಡಿಯಲಿಲ್ಲ!

ನನ್ನ ಕೆರೆಯಲ್ಲಿ ಏಳು ಪದರ ರೆಸಿನ್, ಒಂದೊಂದೂ ನಾಲ್ಕು ಮಿಲಿಮೀಟರ್. ಪಂಥದ ಚರಿತ್ರೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತಳದ ಎರಡು ಪದರಗಳಲ್ಲಿ ಬೇಕೆಂದೇ ಬಗ್ಗಿಸಿ ಹರಕೆಗೆ ಎಸೆದ ಕತ್ತಿಗಳು, ಒಂದು ಕಡಾಯಿ. ಮೂರು, ನಾಲ್ಕರಲ್ಲಿ ರಥದ ಸಾಮಾನು ತುಂಬಿ ತುಳುಕುತ್ತದೆ, ರಾಜರೂ ಗುರುಗಳ ಮಾತು ಕೇಳುತ್ತಿದ್ದ ಕಾಲ. ಐದರಲ್ಲಿ ಕೊರಳ ಸರಪಳಿ. ಬೆಳ್ಳಿ ಅಂಗಡಿಯ ಅತಿ ಸಣ್ಣ ಕೊಂಡಿಯ ಚೈನಿಗೆ ಐದು ಬಳೆ ಬೆಸೆದೆ. ಆರನೆಯದು ಖಾಲಿ.

ಖಾಲಿ ಯಾಕೆಂದು ಹೇಳಬೇಕು. ಡ್ರೂಯಿಡರ ಅಂತ್ಯ ಎಂದರೆ ಎಲ್ಲರೂ ಮಾಡುವುದು ಕ್ರಿ.ಶ. 60ರ ಸುಮಾರಿನ ಆ ಒಂದೇ ದೃಶ್ಯ: ರೋಮನ್ ಸೇನಾಪತಿ ಸ್ವಿಟೋನಿಯಸ್ ಪೌಲಿನಸ್‌ನ ಸೈನ್ಯ ಆಂಗಲ್ಸಿಗೆ ದಾಟುವುದು, ಪಂಜು ಹಿಡಿದ ಹೆಂಗಸರು, ಕೈ ಎತ್ತಿ ಶಪಿಸುವ ಗುರುಗಳು, ಆಮೇಲೆ ಕಾಡು ಕಡಿಯುವುದು. ನನಗೆ ಅಷ್ಟು ಸಾಲದು. ಡ್ರೂಯಿಡರ ವಿದ್ಯೆಯನ್ನು ಬರೆದಿಡುವಂತಿರಲಿಲ್ಲ, ಕೆಲವರು 20 ವರ್ಷ ಬಾಯಿಪಾಠ ಮಾಡುತ್ತಿದ್ದರು ಎಂದು ಸೀಸರ್ ಬರೆದಿದ್ದಾನೆ. ಕ್ರಿ.ಶ. 21ರ ಹೊತ್ತಿಗೆ ಗಾಲ್‌ನ ದೊಡ್ಡ ಮನೆತನಗಳ ಹುಡುಗರು ಇಂದಿನ ಒತಾಂ ಊರಲ್ಲಿ ರೋಮನ್ ಓದು ಓದುತ್ತಿದ್ದರು. ಮೇಲಿಂದ ರೋಮನ್ ಚಕ್ರವರ್ತಿಗಳಾದ ಟಿಬೇರಿಯಸ್, ಕ್ಲಾಡಿಯಸ್‌ರು ಡ್ರೂಯಿಡರ ಮೇಲೆ ಹಾಕಿದ ನಿಷೇಧ. ಹುಡುಗರೇ ಬರದಿದ್ದರೆ ಬಾಯಿಪಾಠ ಯಾರಿಗೆ? ನನ್ನ ಡೆರ್ವೋ ಪಂಥ ಕತ್ತಿ ಬರುವ ಒಂದು ತಲೆಮಾರು ಮೊದಲೇ ಸೊರಗಿತ್ತು, ಕೆರೆಗೆ ಹರಕೆ ಹಾಕುವವರೂ ಇರಲಿಲ್ಲ. ಅದಕ್ಕೇ ಬರೀ ನೀರು.

ಬರೀ ನೀರೇ ಕಾಡಿದ್ದು. ಉಳಿದ ಪದರಗಳಲ್ಲಿ ಗುಳ್ಳೆ ಬಂದರೆ ಸಾಮಾನಿನ ಸಂದಿಯಲ್ಲಿ ಮರೆಯಾಗುತ್ತದೆ, ಇಲ್ಲಿ ಎಲ್ಲವೂ ಬಯಲು.

ಮಂಗಳೂರಿನ ಜುಲೈ, ಕೋಣೆಯ ತೇವಾಂಶ 91. ಮೊದಲನೇ ಸಲ ಮೇಲೆ ಹಾಲಿನ ಕೆನೆಯಂಥ ಅಂಟು ಪೊರೆ ಕಟ್ಟಿತು. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಗಾಳಿಯ ಪಸೆ ಹಿಡಿದರೆ ಹೀಗೇ. ಬಿಸಿನೀರು ಹಾಕಿ ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿದೆ, ಪೊರೆ ಹೋಯಿತು, ಮಬ್ಬು ಉಳಿಯಿತು. ಎಲ್ಲ ಉಜ್ಜಿ ತೆಗೆದು, ಥರ್ಮೋಕೋಲ್ ಪೆಟ್ಟಿಗೆಯೊಳಗೆ 40 ವ್ಯಾಟ್ ಹಳೇ ಬಲ್ಬು ಉರಿಸಿ ತೇವಾಂಶ 50ಕ್ಕೆ ಇಳಿಸಿ ಮತ್ತೆ ಸುರಿದೆ. ಪೊರೆ ಬರಲಿಲ್ಲ, ಗುಳ್ಳೆ ಬಂತು. ಹಾರ್ಡನರ್ ಹಳದಿಗೆ ತಿರುಗಿತ್ತು. ಬಾಟಲಿಯ ತಾರೀಕಿನ ಚೀಟಿ ಕಿತ್ತರೆ ಅಡಿಯಲ್ಲಿ ಇನ್ನೊಂದು ಚೀಟಿ! ಕಳಿಸಿದವರಿಗೆ ಫೋನ್ ಮಾಡಿದರೆ "ಮಳೆಗಾಲದಲ್ಲಿ ಹಾಗೇ ಸಾರ್" ಎಂದು ಇಟ್ಟುಬಿಟ್ಟರು. ಎರಡು ಸಾವಿರ ರೂಪಾಯಿಯ ಮಾಲು. ನನಗಿನ್ನೂ ಸಿಟ್ಟು ಇಳಿದಿಲ್ಲ.

ಬೇರೆ ಕಡೆಯಿಂದ ಹೊಸದು ತರಿಸಿದೆ. ಮತ್ತೆ ಗುಳ್ಳೆ. ಈ ಸಲ ಪಕ್ಕದಲ್ಲೇ ಕೂತು ಕಾದೆ. ಗುಳ್ಳೆಗಳು ನಡುವಿನಿಂದ ಏಳುತ್ತಿರಲಿಲ್ಲ, ದಡದ ಅಂಚಿನಿಂದ ಸಾಲುಗಟ್ಟಿ ಹೊರಡುತ್ತಿದ್ದವು. ಪೀಟ್ ಮಣ್ಣಿನ ಬದಲು ದಡಕ್ಕೆ ತೆಂಗಿನ ನಾರಿನ ಪುಡಿ ಮೆತ್ತಿದ್ದೆ. ಕೈಗೆ ಒಣಗಿದಂತಿದ್ದರೂ ಒಳಗೆ ಪಸೆ, ಬಲ್ಬಿನ ಕಾವಿಗೆ ಅದೇ ಉಸಿರು ಬಿಡುತ್ತಿತ್ತು. ಅಂಚನ್ನು ಕೆರೆದು, ಹೊಸ ಪುಡಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹುರಿದೆ. ಅಮ್ಮ ಬಂದು, "ರವೆಯಾ? ಘಮವೇ ಇಲ್ಲವಲ್ಲ ಮಗಾ," ಎಂದರು. ಮೆತ್ತಿದ ಮೇಲೆ ಕುಂಚದಲ್ಲಿ ತೆಳ್ಳಗೆ ರೆಸಿನ್ ಬಳಿದು, ಎರಡು ದಿನ ಬಿಟ್ಟು ಪದರ ಸುರಿದೆ. ಒಂದು ಗುಳ್ಳೆ ಇಲ್ಲ.

ಆ ಎರಡು ದಿನ ಕೈ ಸುಮ್ಮನಿರದೆ ಮುಂದಿನದಕ್ಕೂ ಗೆರೆ ಹಾಕಿದೆ: 1897ರಲ್ಲಿ ಫ್ರಾನ್ಸಿನ ಕೊಲಿನ್ಯಿಯಲ್ಲಿ ಚೂರು ಚೂರಾಗಿ ಸಿಕ್ಕ ಕಂಚಿನ ಪಂಚಾಂಗ. ಐದು ವರ್ಷ, 62 ತಿಂಗಳು, ಅದರಲ್ಲಿ ಎರಡು ಅಧಿಕ ಮಾಸ. ನಮ್ಮ ವೇದಾಂಗ ಜ್ಯೋತಿಷದ ಐದು ವರ್ಷದ ಯುಗಕ್ಕೂ ಅದೇ 62! ಮಾತು ಗಾಲಿಷ್, ಅಕ್ಷರ ರೋಮನ್. ದಿನಕ್ಕೊಂದರಂತೆ ಗೂಟ ಚುಚ್ಚುವ ತೂತು, ಅಂದರೆ ಸಾವಿರದ ಎಂಟುನೂರಕ್ಕೂ ಹೆಚ್ಚು. ಅರ್ಧ ಮಿಲಿಮೀಟರ್ ಡ್ರಿಲ್ ಬಿಟ್ ಡಜನ್‌ಗಟ್ಟಲೆ ಎಲ್ಲಿ ಸಿಗುತ್ತದೆ, ಬಲ್ಲವರು ಹೇಳಿ.

ಏಳನೇ ಪದರ ನಾಳೆ. ಅದರಲ್ಲಿ ಮುಳುಗುವುದು ಏನೂ ಇಲ್ಲ. ಕಡಿದ ಓಕ್ ಮರದ ಚಕ್ಕೆಗಳು ಮೇಲೆ ತೇಲಬೇಕು. ಪೆನ್ಸಿಲ್ ಹೆರೆದು ಮಾಡಿದ್ದೇನೆ, ಅವೂ ಈಗ ಬಾಣಲೆಯಲ್ಲಿವೆ.