ನಮ್ಮ ಕ್ಲಾಸಿನ ನಡುವೆ ಹಾದುಹೋದ ಬರ್ಲಿನ್ ಗೋಡೆ

ಹೋದ ವರ್ಷ ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡರು. 81 ವರ್ಷ ಆಗಿತ್ತು. ತಿಥಿಗೆ 1990ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವರು 14 ಜನ ಸೇರಿದ್ದೆವು. ಎಲೆ ಮುಂದೆ ಕೂತಾಗ ಮಾತು ತಾನಾಗೇ ಆ ಕ್ಲಾಸಿನ ಕಡೆ ಹೊರಳಿತು. ಆಗ ಒಂದು ಗಮನಿಸಿದೆ. ಪುಸ್ತಕದಲ್ಲಿ ಯಾವ ಪಾಠ ಆದಮೇಲೆ ಯಾವುದು ಇತ್ತು ಅಂತ ಒಬ್ಬರಿಗೂ ನೆನಪಿಲ್ಲ, ಆದರೆ ಸುಣ್ಣದ ಗೆರೆ ಎಲ್ಲರಿಗೂ ನೆನಪಿದೆ. ಅದನ್ನೇ ಶಾಲೆಯ ಸಂಚಿಕೆಗೆ ಬರೆದುಕೊಡು ಅಂತ ಗೆಳೆಯರು ಹೇಳಿದರು. ಮೇಷ್ಟ್ರ ಹೆಸರು ಹಿಡಿದು ಬರೆಯೋಕೆ ಕೈ ಬರುತ್ತಿಲ್ಲ. ನಮಗೆ ಅವರು ಯಾವತ್ತೂ ಬರೀ ಮೇಷ್ಟ್ರು.

ಅವರು ಬರುತ್ತಿದ್ದದ್ದು ಸೈಕಲ್ಲಲ್ಲಿ. ಸೈಕಲ್ಲಿನ ಬಾರಿಗೆ ಸುತ್ತಿದ ಪ್ರಪಂಚದ ಭೂಪಟ ಕಟ್ಟಿರುತ್ತಿದ್ದರು. ಬಟ್ಟೆಗೆ ಅಂಟಿಸಿದ, ಎರಡು ತುದಿಗೂ ಮರದ ಕೋಲಿರುವ ದೊಡ್ಡ ಭೂಪಟ. ಹಿಂದೂ ಮುಂದೂ ಚಾಚಿಕೊಂಡು, ದೂರದಿಂದ ನೋಡಿದರೆ ಯಾರೋ ಕಬ್ಬಿನ ಜಲ್ಲೆ ಕಟ್ಟಿಕೊಂಡು ಬರುತ್ತಿದ್ದಾರೆ ಅನ್ನಿಸೋದು. ಶಾಲೆಯಲ್ಲಿ ಇಟ್ಟರೆ ಗೆದ್ದಲು ಹಿಡಿಯುತ್ತೆ ಅಂತ ದಿನಾ ಮನೆಗೆ ಒಯ್ಯುತ್ತಿದ್ದರು. ಪಾಠಕ್ಕೆ ಮುಂಚೆ ಅದನ್ನು ಬೋರ್ಡಿನ ಮೇಲಿನ ಮೊಳೆಗೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕ್ಷಣ ಸುಮ್ನೆ ನೋಡುತ್ತಾ ನಿಲ್ಲುತ್ತಿದ್ದರು. ಆಮೇಲೇ ಮಾತು.

ನಮ್ಮದು ಪಾಂಡವಪುರದ ಸೀಮೆ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಸೈಕಲ್ ತುಳಿದುಕೊಂಡೇ ಹೋಗಬಹುದು. ಫ್ರಾನ್ಸಿನ ಕ್ರಾಂತಿಯ ಪಾಠ ಶುರು ಮಾಡುವ ದಿನ ಮೇಷ್ಟ್ರು ಪುಸ್ತಕ ತೆಗೆಯಲೇ ಇಲ್ಲ. "ನಿಮ್ಮ ತಾತ ಪಾಂಡವಪುರವನ್ನ ಏನಂತ ಕರೀತಾರೆ?" ಅಂದರು. ಹಿರೋಡೆ ಅಂತ ಒಬ್ಬ ಹೇಳಿದ. "ಇನ್ನೊಂದು ಹೆಸರು?" ಯಾರಿಗೂ ಗೊತ್ತಿರಲಿಲ್ಲ. ಫ್ರೆಂಚ್ ರಾಕ್ಸ್! ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ ಅಂತ ಇಂಗ್ಲಿಷರು ಇಟ್ಟ ಹೆಸರು ಅದು. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡರು. ಸೈನ್ಯದ ನೆರವು ಕೇಳೋಕೆ ಹೋಗಿದ್ದವರು ಬರಿಗೈಲಿ ವಾಪಸ್ ಬಂದರು. ಒಂದು ವರ್ಷ ತುಂಬುವುದರೊಳಗೆ, 1789ರ ಜುಲೈ 14ಕ್ಕೆ, ಪ್ಯಾರಿಸಿನ ಜನ ಬಾಸ್ಟಿಲ್ ಕೋಟೆಗೆ ನುಗ್ಗಿದರು, ಕ್ರಾಂತಿ ಶುರುವಾಯಿತು. "ಸಾಲ ಮಾಡಿ ಮಾಡಿ ಲೂಯಿ ಆಗಲೇ ಬರಿದಾಗಿದ್ದ ಕಣ್ರೋ, ನಮ್ಮೋರು ಹೋಗಿ ಅವನ ಹತ್ರ ಕೇಳಿದ್ರು," ಅಂದರು ಮೇಷ್ಟ್ರು. ಆ ಒಂದು ಮಾತಿಗೆ ಫ್ರಾನ್ಸ್ ನಮ್ಮ ಪಕ್ಕದ ಊರಾಯಿತು.

ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಸರಾಯೆವೊದ ಕೊಲೆಯನ್ನು ಅವರು ಹೇಳಲಿಲ್ಲ, ಆಡಿಸಿದರು. ನಾಲ್ಕು ಬೆಂಚು ಸರಿಸಿ ರಸ್ತೆ ಮಾಡಿದರು. ಒಬ್ಬ ಡ್ರೈವರ್, ಒಬ್ಬ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್, ಒಬ್ಬಳು ಅವನ ಹೆಂಡತಿ ಸೋಫಿ. ಮೂಲೆಯಲ್ಲಿ ನಾನು, ಕೊಲೆಗಾರ, 19 ವರ್ಷದ ಗಾವ್ರಿಲೋ ಪ್ರಿನ್ಸಿಪ್. 1914ರ ಜೂನ್ 28ರ ಬೆಳಿಗ್ಗೆ ಎಸೆದ ಬಾಂಬು ಗುರಿ ತಪ್ಪಿದೆ. ಗಾಯಗೊಂಡವರನ್ನು ನೋಡೋಕೆ ಆಸ್ಪತ್ರೆಗೆ ಹೋಗಬೇಕು ಅಂತ ಯುವರಾಜ ಹಟ ಹಿಡಿದಿದ್ದಾನೆ, ಅದಕ್ಕೆ ದಾರಿ ಬದಲಾಗಿದೆ. ಬದಲಾದ ದಾರಿಯನ್ನು ಡ್ರೈವರ್‌ಗೆ ಮಾತ್ರ ಯಾರೂ ಹೇಳಿಲ್ಲ. ಅವನು ಹಳೆಯ ತಿರುವಿನಲ್ಲೇ ತಿರುಗಿಸಿದ. ತಪ್ಪಾಯ್ತು, ಹಿಂದಕ್ಕೆ ತಗೋ ಅಂದರು. ಕಾರು ನಿಂತಿತು. ನಿಂತದ್ದು ಸರಿಯಾಗಿ ನನ್ನ ಮುಂದೆ. ನಾನು ಕೈಯಲ್ಲಿದ್ದ ಡಸ್ಟರ್ ಎತ್ತಿದೆ. ಇಡೀ ಕ್ಲಾಸು ಉಸಿರು ಬಿಗಿಹಿಡಿದಿತ್ತು. ಮೇಷ್ಟ್ರು ಮೆಲ್ಲಗೆ ಕೇಳಿದರು, "ಈಗ ಹೇಳಿ, ಆ ಡ್ರೈವರ್‌ಗೆ ಯಾರಾದ್ರೂ ಒಬ್ಬರು ದಾರಿ ಹೇಳಿದ್ದಿದ್ರೆ?" ಬೆಲ್ ಹೊಡೆದರೂ ವಾದ ನಿಲ್ಲಲಿಲ್ಲ. ಯುದ್ಧ ಹೇಗಿದ್ದರೂ ಆಗುತ್ತಿತ್ತು ಅಂತ ಅರ್ಧ ಜನ, ಆಗುತ್ತಿರಲಿಲ್ಲ ಅಂತ ಇನ್ನರ್ಧ. ಅದೇ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧ್‌ಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದಿತು, ಮೆಷಿನ್ ಗನ್ನಿನ ಎದುರು ಈಟಿ ಹಿಡಿದುಕೊಂಡು. ಅದನ್ನೂ ಅವರೇ ಹೇಳಿದ್ದು. ಪುಸ್ತಕದಲ್ಲಿ ಇರಲಿಲ್ಲ.

ಇನ್ನು ಸುಣ್ಣದ ಗೆರೆ. ಹತ್ತನೇ ಕ್ಲಾಸಿನಲ್ಲಿ ಎರಡನೇ ಮಹಾಯುದ್ಧದ ನಂತರದ ಪಾಠ. ಪಿ.ಟಿ. ಮೇಷ್ಟ್ರ ಹತ್ತಿರ ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣ ಇಸಕೊಂಡು ಬಂದು, ನಮ್ಮ ಮೇಷ್ಟ್ರು ಕ್ಲಾಸಿನ ನಡುವೆ ಉದ್ದಕ್ಕೆ ಗೆರೆ ಎಳೆದರು. ಈ ಕಡೆ ಪೂರ್ವ ಬರ್ಲಿನ್, ಆ ಕಡೆ ಪಶ್ಚಿಮ. ಪೂರ್ವ ಜರ್ಮನಿಯವರು ರಾತ್ರೋರಾತ್ರಿ ನಡುವಿನ ಗಡಿ ಮುಚ್ಚಿ ಗೋಡೆಗೆ ಶುರುಮಾಡಿದ ದಿನದ ಆಟ ಅದು. "ಇವತ್ತು 1961ರ ಆಗಸ್ಟ್ 13. ಸಂಜೆ ತನಕ ಯಾರೂ ದಾಟೋ ಹಾಗಿಲ್ಲ." ನನ್ನ ಊಟದ ಡಬ್ಬಿ ಗೆಳೆಯನ ಚೀಲದಲ್ಲಿತ್ತು, ಅವನು ಪಶ್ಚಿಮದಲ್ಲಿ. ಅಣ್ಣ ತಂಗಿ ಇಬ್ಬರು ಒಂದೇ ಕ್ಲಾಸಿನಲ್ಲಿದ್ದರು, ಇಬ್ಬರಿಗೂ ಒಂದೇ ಇಂಗ್ಲಿಷ್ ಪುಸ್ತಕ. ಪುಸ್ತಕ ಅಣ್ಣನ ಕಡೆ ಉಳಿಯಿತು. ಮೂರನೇ ಪೀರಿಯಡ್ ಹೊತ್ತಿಗೆ ಆ ಹುಡುಗಿ ಅತ್ತೇಬಿಟ್ಟಳು. ಮೇಷ್ಟ್ರು ಆಗ ಗೆರೆಯ ಮೇಲೇ ಕುರ್ಚಿ ಹಾಕಿಕೊಂಡು ಕೂತು ಬೆರ್ನೌವರ್ ಬೀದಿಯ ಕಥೆ ಹೇಳಿದರು. ಆ ಬೀದಿಯಲ್ಲಿ ಒಂದು ಸಾಲಿನ ಮನೆಗಳು ಪೂರ್ವಕ್ಕೆ ಸೇರಿದ್ದವು, ಅದೇ ಮನೆಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಬಾಗಿಲು ಮುಚ್ಚಿದಾಗ ಜನ ಮಹಡಿ ಕಿಟಕಿಯಿಂದ ಕೆಳಗೆ ಹಾರಿದರು.

ಇದೆಲ್ಲ ಆಗಿ ಕೆಲವೇ ವಾರಕ್ಕೆ, 1989ರ ನವೆಂಬರ್ 10, ಶುಕ್ರವಾರ. ಮೇಷ್ಟ್ರು ಪ್ರಾರ್ಥನೆಗೆ ಮುಂಚೆಯೇ ಬಂದಿದ್ದರು, ಸೈಕಲ್ ಹ್ಯಾಂಡಲ್ಲಿಗೆ ಟ್ರಾನ್ಸಿಸ್ಟರ್ ತೂಗುಹಾಕಿಕೊಂಡು. ಭೂಪಟ ಮರೆತು ಬಂದದ್ದು ಅದೊಂದೇ ದಿನ. ನಮ್ಮನ್ನು ನೋಡಿದವರೇ, "ಬಿತ್ತು ಕಣ್ರೋ, ರಾತ್ರಿ ಗೋಡೆ ಬಿತ್ತು!" ಅಂದರು. ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಅತ್ತಿದ್ದನ್ನು ನಾವು ಅದಕ್ಕೆ ಮುಂಚೆ ನೋಡಿರಲಿಲ್ಲ. ಶನಿವಾರದ ಪೇಪರಿನಲ್ಲಿ ಫೋಟೋ ಬಂತು. ಗೋಡೆಯ ಮೇಲೆ ಜನ ಹತ್ತಿ ನಿಂತಿದ್ದರು.

ಹುಡುಗರ ತಲೆಗೆ ಇಷ್ಟು ಸಾಕಲ್ವಾ? ಆಗ ನಮ್ಮ ಶಾಲೆ ಹಿಂದೆ ಕಾಂಪೌಂಡ್ ಕಟ್ಟಿಸುತ್ತಿದ್ದರು. ನಾಲೆ ಕಡೆಗಿದ್ದ ನಮ್ಮ ಅಡ್ಡದಾರಿ ಅದರಿಂದ ಮುಚ್ಚಿಹೋಗಿತ್ತು, ಮಧ್ಯಾಹ್ನ ಈಜೋಕೆ ಹೋಗುವುದು ನಿಂತಿತ್ತು. ಒಂದು ಸಂಜೆ ಗಾರೆ ಕೆಲಸದವರು ಮನೆಗೆ ಹೋದಮೇಲೆ ನಾವು ಮೂವರು ಅಲ್ಲಿಗೆ ಹೋದೆವು. ಒಬ್ಬ ಈಗ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್, ಇನ್ನೊಬ್ಬ ಆಲೆಮನೆ ನಡೆಸುತ್ತಾನೆ, ಮೂರನೆಯವನು ನಾನು. ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು, ಸಿಮೆಂಟ್ ಇನ್ನೂ ಹಸಿ. ಭುಜ ಕೊಟ್ಟು ತಳ್ಳಿದೆವು. ಮೊದಲು ಮೇಲಿನ ಸಾಲು ಜಾರಿತು, ಆಮೇಲೆ ಹತ್ತು ಅಡಿ ಉದ್ದಕ್ಕೆ ಇಟ್ಟಿಗೆ ದಬದಬ ಅಂತ ಉರುಳಿತು. ಜರ್ಮನಿಯವರ ಹಾಗೆ ಒಂದೊಂದು ಚೂರು ಜೇಬಿಗೆ ಹಾಕಿಕೊಂಡು, ಕಬ್ಬಿನ ಗದ್ದೆ ಬದುವಿನ ಮೇಲೆ ಕೂಗಿಕೊಂಡು ಓಡಿದೆವು.

ಬೆಳಿಗ್ಗೆ ಹೆಡ್ಮಾಸ್ಟ್ರು ಬೆತ್ತ ಹಿಡಿದು ಪ್ರಾರ್ಥನೆಗೆ ಬಂದರು. ಕುಳ್ಳಗೆ ಇದ್ದರು, ಗಂಜಿ ಹಾಕಿದ ಬಿಳಿ ಶರ್ಟು, ಗಂಟಲು ಮಾತ್ರ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಅವರು ಯಾವ ಹುಡುಗನನ್ನೂ ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ, ಇಂಥವರ ಮಗ ಅಂತ ಅಪ್ಪನ ಹೆಸರು ಹಿಡಿದೇ ಕೂಗುತ್ತಿದ್ದರು. ತಪ್ಪು ಮಾಡಿದವನಿಗೆ ಅದಕ್ಕಿಂತ ದೊಡ್ಡ ಏಟು ಇರಲಿಲ್ಲ. ಯಾರು ಮಾಡಿದ್ದು ಅಂತ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ನಾನೇ ಮೊದಲು ಮುಂದೆ ಬಂದೆ. ಇದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ಹೆಡ್ಮಾಸ್ಟ್ರು ನನ್ನನ್ನು ಬಿಟ್ಟು ಮೇಷ್ಟ್ರ ಕಡೆ ತಿರುಗಿದರು. "ನೋಡಿದ್ರಾ ನಿಮ್ಮ ಪಾಠ?" ಅಂದರು. ಮೇಷ್ಟ್ರು ತಲೆ ತಗ್ಗಿಸಲಿಲ್ಲ. "ಹೌದು ಸಾರ್, ಪಾಠ ನಂದೇ. ಇನ್ನೂ ಮುಗಿದಿಲ್ಲ," ಅಂದರು.

ಭಾನುವಾರ ನಮ್ಮ ಮೂವರನ್ನೂ ಶಾಲೆಗೆ ಬರಹೇಳಿದರು. ಗಾರೆ ಕೆಲಸದ ಅಜ್ಜ ಒಬ್ಬರೇ ಕೂತು ಬಿದ್ದ ಇಟ್ಟಿಗೆಗಳಿಗೆ ಅಂಟಿದ್ದ ಸಿಮೆಂಟನ್ನು ಕರಣೆಯಿಂದ ಕೆರೆಯುತ್ತಿದ್ದರು. ಮೇಷ್ಟ್ರು ನಮ್ಮನ್ನು ಬೈಯಲಿಲ್ಲ. ಶರ್ಟು ಬಿಚ್ಚಿಟ್ಟು ತಾವೇ ಮೊದಲು ಕಲಸೋಕೆ ನಿಂತರು. ಮಧ್ಯಾಹ್ನದ ತನಕ ನಾವು ಇಟ್ಟಿಗೆ ಹೊತ್ತೆವು, ನೀರು ಹೊತ್ತೆವು. ಕೈ ತುಂಬಾ ಬೊಕ್ಕೆ. ಅಜ್ಜ ನನಗೆ ತೂಕದ ಗುಂಡು ಬಿಟ್ಟು ಗೋಡೆ ನೆಟ್ಟಗಿದೆಯಾ ಅಂತ ನೋಡುವುದನ್ನು ಕಲಿಸಿದರು. ಕೆಲಸ ಮುಗಿದಮೇಲೆ ಮೇಷ್ಟ್ರು ತಮ್ಮ ಜೇಬಿನಿಂದ ಅಜ್ಜನ ಕೂಲಿ ತೆಗೆದು ಕೊಟ್ಟರು. ಆಮೇಲೆ ನಮ್ಮ ಕಡೆ ನೋಡಿ ಹೇಳಿದರು, "ಆ ಗೋಡೇಲಿ ಬಂದೂಕು ಇತ್ತು ಕಣ್ರೋ. ನೀವು ಬೀಳಿಸಿದ ಗೋಡೇಲಿ ಈ ಅಜ್ಜನ ಒಂದು ದಿನದ ಕೂಲಿ ಇತ್ತು."

ಸೈಕಲ್ ಹತ್ತುವ ಮುಂಚೆ ಇನ್ನೊಂದು ಕೇಳಿದರು. "28 ವರ್ಷ ದಾಟೋಕೆ ಬಂದವರಿಗೆ ಗುಂಡು ಹೊಡೆದ್ರು. ಆವತ್ತು ರಾತ್ರಿ ಬಂದೂಕು ಹಿಡಿದು ನಿಂತಿದ್ದೋನು ಯಾಕೆ ಹೊಡೀಲಿಲ್ಲ? ಅದನ್ನ ಹುಡುಕಿ ಬಂದು ನನಗೆ ಹೇಳು." ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಪೇಪರಿನಲ್ಲೂ ಸಿಗಲಿಲ್ಲ. ಪರೀಕ್ಷೆ ಬಂತು, ಸಮಾಜದಲ್ಲಿ ಇಡೀ ಶಾಲೆಗೆ ನನ್ನದೇ ಹೆಚ್ಚು ಅಂಕ. ಮಾರ್ಕ್ಸ್ ಕಾರ್ಡ್ ತೋರಿಸೋಕೆ ಹೋದಾಗ, "ಸಂತೋಷ. ಆ ಪ್ರಶ್ನೆ ಏನಾಯ್ತು?" ಅಂದರು.

ನನ್ನ ಮಗಳು ಈಗ ಹತ್ತನೇ ಕ್ಲಾಸು. ಮಹಾಯುದ್ಧದ ಪಾಠ ಯಾವ ಮಟ್ಟಿಗೆ ಆಯಿತಮ್ಮಾ ಅಂತ ಕೇಳಿದೆ. "ಅಪ್ಪಾ, ಅದಕ್ಕೆ ಮಾರ್ಕ್ಸ್ ಕಮ್ಮಿ," ಅಂದಳು. ನೀಲನಕ್ಷೆ, ಪಾಸಿಂಗ್ ಪ್ಯಾಕೇಜ್, ಹಳೆಯ ಪ್ರಶ್ನೆಪತ್ರಿಕೆ, ಎಲ್ಲ ಅವಳ ಹತ್ತಿರ ಇದೆ. ಯುದ್ಧ ಶುರುವಾದ ದಿನ ಅವಳಿಗೆ ಬಾಯಿಪಾಠ. ದಾರಿ ತಪ್ಪಿದ ಡ್ರೈವರ್ ವಿಷಯ ಯಾರೂ ಹೇಳಿಲ್ಲ. ಟೀಚರ್‌ಗಳನ್ನು ದೂರೋಕೆ ನನಗೆ ಮನಸ್ಸಿಲ್ಲ. ಗಣತಿ, ಚುನಾವಣೆ ಡ್ಯೂಟಿ, ಬಿಸಿಯೂಟದ ಲೆಕ್ಕ, ಆನ್‌ಲೈನಿನಲ್ಲಿ ತುಂಬಿಸುವ ಮಾಹಿತಿ, ಇವೆಲ್ಲದರ ಮಧ್ಯೆ ಅವರಿಗೆ ಗೆರೆ ಎಳೆದು ದಿನವಿಡೀ ಕಾಯುವ ಪುರುಸೊತ್ತು ಎಲ್ಲಿದೆ? ಆದರೂ ಹೊಟ್ಟೆ ಉರಿಯುತ್ತೆ. 15ನೇ ವಯಸ್ಸಿನಲ್ಲಿ ಕೇಳಿದ ಒಂದು ಪ್ರಶ್ನೆ 25 ವರ್ಷ ನನ್ನ ಜೊತೆ ಬಂತು, ಅಂಥದ್ದೊಂದು ನನ್ನ ಮಗಳಿಗೂ ಸಿಗಬೇಕಿತ್ತು. ಆವತ್ತು ರಾತ್ರಿ ಊಟ ಆದಮೇಲೆ ಡೈನಿಂಗ್ ಟೇಬಲ್ ಮೇಲೆ ಚಮಚ, ಲೋಟ ಇಟ್ಟು ಸರಾಯೆವೊ ಆಡಿದೆವು.

ನಾನು ಡಿಪ್ಲೊಮಾ ಓದಿ, ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿ, ದುಡಿದು ಮೇಲೆ ಬಂದವನು. ಇವತ್ತು ನನ್ನ ಕೈಕೆಳಗೆ 60 ಜನ ಇದ್ದಾರೆ. 2015ರ ಏಪ್ರಿಲ್‌ನಲ್ಲಿ ಕಂಪನಿಯವರು ಮೆಷಿನ್ ತರಬೇತಿಗೆ ಜರ್ಮನಿಗೆ ಕಳಿಸಿದರು. ಜೊತೆಗಿದ್ದವರು ರಜಾದಿನ ಶಾಪಿಂಗ್‌ಗೆ ಹೊರಟರು, ನಾನು ಬರ್ಲಿನ್ ರೈಲು ಹತ್ತಿದೆ. ಬೋರ್ನ್‌ಹೋಲ್ಮರ್ ಬೀದಿಯ ಸೇತುವೆ, ಪೂರ್ವದಿಂದ ಪಶ್ಚಿಮಕ್ಕೆ ದಾಟುವ ಗೇಟು ಇದ್ದ ಜಾಗ. ಒಂದಿಷ್ಟು ಉದ್ದ ಗೋಡೆ ಇನ್ನೂ ನಿಂತಿದೆ, ಅದರ ಪಕ್ಕ ಜಪಾನಿನವರು ಕೊಟ್ಟ ಚೆರ್ರಿ ಮರಗಳು ತುಂಬಿ ಹೂಬಿಟ್ಟಿದ್ದವು. ಅಲ್ಲಿ ನನಗೆ ಉತ್ತರ ಸಿಕ್ಕಿತು. 1989ರ ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಆಳುವ ಪಕ್ಷದ ಮುಖಂಡ ಶಾಬೋವ್ಸ್ಕಿ ಟಿವಿಯಲ್ಲಿ ಗಡಿ ದಾಟುವ ಹೊಸ ನಿಯಮ ಓದಿದ. ಯಾವಾಗಿಂದ ಅಂತ ಕೇಳಿದ್ದಕ್ಕೆ ತಡಕಾಡಿ, ಈಗಿಂದಲೇ ಅಂದುಬಿಟ್ಟ. ಜನ ಈ ಗೇಟಿಗೆ ಬಂದು ತುಂಬಿಕೊಂಡರು. ಗೇಟಿನ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿದ. ಯಾರೂ ಸರಿಯಾದ ಆದೇಶ ಕೊಡಲಿಲ್ಲ. ನೂಕುನುಗ್ಗಲಲ್ಲಿ ಜನ ಸಾಯುತ್ತಾರೆ ಅನ್ನಿಸಿತು. ರಾತ್ರಿ ಹನ್ನೊಂದೂವರೆ ಹೊತ್ತಿಗೆ, ಯಾರ ಅಪ್ಪಣೆಯೂ ಇಲ್ಲದೆ, ಗೇಟು ತೆಗೆಸಿದ.

ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ ಮೂರೂವರೆ, ಮಲಗಿ ಎದ್ದಿದ್ದರು. "ಸಾರ್, ಆ ಪ್ರಶ್ನೆಗೆ ಉತ್ತರ ಸಿಕ್ತು," ಅಂದೆ. ಯಾವ ಪ್ರಶ್ನೆ ಅಂತ ಅವರು ಕೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು, ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳು ಅಂದರು. ಪೆನ್ ಹುಡುಕುವ ಸದ್ದು ಕೇಳಿಸಿತು. "ಅವನಿಗೆ ಆಗ ವಯಸ್ಸೆಷ್ಟು?" ಅಂದರು. 46 ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ನನಗೂ ಆಗ ನಲವತ್ತಾರೇ ಕಣೋ," ಅಂದರು.

ತಿಥಿ ಊಟ ಆದಮೇಲೆ ನಾವು ಶಾಲೆಗೆ ಹೋಗಿದ್ದೆವು. ಮೇಷ್ಟ್ರು 2001ರಲ್ಲಿ ನಿವೃತ್ತಿ ಆದಾಗ ಆ ಭೂಪಟವನ್ನು ಶಾಲೆಗೇ ಬಿಟ್ಟುಹೋಗಿದ್ದಾರೆ. ಸ್ಟೋರ್ ರೂಮಿನಲ್ಲಿ, ಮುರಿದ ಬೆಂಚುಗಳ ಹಿಂದೆ ಇದೆ. ಬಿಚ್ಚಿ ನೋಡಿದೆವು. ಎರಡು ಜರ್ಮನಿಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ, ಅವು ಒಂದಾದ ದಿನ 1990ರ ಅಕ್ಟೋಬರ್ 3 ಅಂತ ಬರೆದಿದ್ದಾರೆ. ಸೋವಿಯತ್ ಒಕ್ಕೂಟದ ಮೇಲೆ, ಅದು ಒಡೆದು ಆದ ದೇಶಗಳಿಗೆ, 15 ಪುಟ್ಟ ಚೀಟಿ. ಜೆಕೊಸ್ಲೊವಾಕಿಯಾದ ಚೀಟಿ ಅರ್ಧ ಕಿತ್ತುಬಂದಿದೆ, ಕೆಳಗಿನ ಕೋಲಿಗೆ ಗೆದ್ದಲು ಹತ್ತಿದೆ. ಈಗಿನ ಹೆಡ್ಮಾಸ್ಟ್ರಿಗೆ ಒಂದು ವಿನಂತಿ. ಅದನ್ನು ಎಸೆಯಬೇಡಿ. ಬೇಸಿಗೆ ರಜದಲ್ಲಿ ನಾನು ಗಾಜಿನ ಫ್ರೇಮು, ಗೋಂದು ಎರಡೂ ತಗೊಂಡು ಬರುತ್ತೇನೆ. ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಆ ಹಳೇ ಮೊಳೆ ಇನ್ನೂ ಇದೆ, ನೋಡಿಕೊಂಡು ಬಂದಿದ್ದೇನೆ.